ಮೊದಲ ಪೀಪಾಯಿಯ ಗೊರಟು

ಗ್ರೋಜ್ದಾನಾ ಶೆಡ್ಡಿನ ಮೊದಲ ಪೀಪಾಯಿಯಿಂದ ತೆಗೆದ ಪ್ಲಮ್ ಗೊರಟಿನ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ಹುಳಿ. ಹಳಸಿದ ಹುಳಿ. ಅದರ ಬೆನ್ನಿಗೇ ಮೂಗಿಗೆ ಏರುವ ಇನ್ನೊಂದು ವಾಸನೆ, ಈ ಸೀಮೆಯಲ್ಲಿ ಹುಟ್ಟಿದವರು ತೊಟ್ಟಿಲಲ್ಲೇ ಗುರುತು ಹಿಡಿಯುವಂಥದ್ದು. ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಇನ್‌ಸ್ಪೆಕ್ಟರ್ ಸಾಕ್ಷ್ಯವನ್ನು ಹೀಗೆ ಬಾಯಿಗೆ ಹಾಕಿಕೊಳ್ಳಬಾರದು ಅಂತ ಅವಳಿಗೂ ಗೊತ್ತಿತ್ತು. ಆದರೆ ಅವಳ ನಾಲಿಗೆ ಪ್ರಯೋಗಾಲಯಕ್ಕಿಂತ ಬೇಗ ಉತ್ತರ ಕೊಡುತ್ತಿತ್ತು, ರಜೆಯನ್ನೂ ಕೇಳುತ್ತಿರಲಿಲ್ಲ.

ಚೂರನ್ನು ಕರವಸ್ತ್ರಕ್ಕೆ ಉಗುಳಿ, ಎರಡನೇ ಪೀಪಾಯಿಗೆ ಕೈ ಹಾಕಿದಳು. ಅಲ್ಲಿನ ಗೊರಟಿನ ಪುಡಿ ಜೋಳದ ಕಾಳಿನಷ್ಟು ಸಮನಾಗಿತ್ತು. ಮೂಸಿದರೆ ವಾಸನೆಯಿಲ್ಲ. ಮೂರನೆಯದೂ ಹಾಗೇ, ಆರನೆಯದೂ ಹಾಗೇ.

ಮೊದಲ ಪೀಪಾಯಿಯಲ್ಲಿ ಮಾತ್ರ ಅಚ್ಚುಕಟ್ಟು ಅನ್ನುವುದೇ ಇರಲಿಲ್ಲ. ಒಂದು ಗೊರಟು ಎರಡು ಹೋಳಾಗಿತ್ತು, ಇನ್ನೊಂದು ನುಚ್ಚುನೂರಾಗಿತ್ತು, ಮತ್ತೊಂದಕ್ಕೆ ಏಟೇ ಬಿದ್ದಿರಲಿಲ್ಲ. ಯಾರೋ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿದ್ದರು, ಅದೂ ಅವಸರದಲ್ಲಿ.

ಹನ್ನೊಂದು ದಿನದ ಹಿಂದೆ ಶ್ಲಿವೊದೋಲ್ ಹಳ್ಳಿಯ ಏಳು ಜನ ನೀರು ಸೋಸುವ ಈ ಶೆಡ್ಡಿನ ನಲ್ಲಿಯ ನೀರು ಕುಡಿದು, ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಶೆಡ್ಡು ಕಟ್ಟಿಸಿದವಳು ಶಾಲೆಯ ರಸಾಯನಶಾಸ್ತ್ರದ ಟೀಚರ್ ನೆವೆನಾ. ಅವಳ ಮೇಲೆ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಕೇಸು ದಾಖಲಾಗುವುದರಲ್ಲಿತ್ತು.

ಏಳು ಜನರೂ ಎರಡೇ ದಿನಕ್ಕೆ ಎದ್ದು ಓಡಾಡಿಕೊಂಡಿದ್ದರು, ಅದು ಬೇರೆ ಮಾತು. ಆದರೆ ಕೇಸು ಕೇಸೇ. ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಮೂವತ್ತನಾಲ್ಕು ವರ್ಷದ ಆ ಹೆಣ್ಣುಮಗಳು ವಿಚಾರಣೆಯಲ್ಲಿ "ತಪ್ಪು ನನ್ನದೇ" ಅಂದಿದ್ದಳೇ ಹೊರತು ಬೇರೇನಕ್ಕೂ ತುಟಿ ಬಿಚ್ಚಿರಲಿಲ್ಲ. ತಪ್ಪು ಏನು ಅಂತ ಕೇಳಿದರೆ ಕಿಟಕಿ ನೋಡುತ್ತಿದ್ದಳು.

ಗ್ರೋಜ್ದಾನಾಳಿಗೆ ನಂಬಿಕೆ ಬಂದಿರಲಿಲ್ಲ. ಗುಡ್ಡದಾಚೆಯ ತಾಮ್ರದ ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಚಿಲುಮೆಯ ನೀರಿನಲ್ಲಿ ತಾಮ್ರ ಇಳಿಯುವುದು ನಿಂತಿರಲಿಲ್ಲ. ಪ್ಲಮ್ ಗೊರಟಿನ ಪುಡಿ ಆ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ಕಂಡುಕೊಂಡು, ಜಾಮ್ ಮಾಡುವ ಮನೆಮನೆಗೂ ಹೋಗಿ ತಿಪ್ಪೆಗೆ ಬೀಳಬೇಕಾದ ಗೊರಟನ್ನು ಚೀಲದಲ್ಲಿ ಹೊತ್ತು ತಂದವಳು ನೆವೆನಾ. ತೊಳೆದು, ಒಣಗಿಸಿ, ಶಾಲೆಯ ಯಂತ್ರದಲ್ಲಿ ಪುಡಿ ಮಾಡಿ ಆರು ಪೀಪಾಯಿ ತುಂಬಿದ್ದಳು. ಚಿಲುಮೆಯ ನೀರು ಮೊದಲ ಪೀಪಾಯಿಯಿಂದ ಒಂದೊಂದಾಗಿ ಆರನ್ನೂ ದಾಟಿ ನಲ್ಲಿಗೆ ಬರುತ್ತಿತ್ತು. ಬೇಸಿಗೆಯೆಲ್ಲ ಊರು ಶುದ್ಧ ನೀರು ಕುಡಿದಿತ್ತು. ಅಂಥವಳು ಸುತ್ತಿಗೆ ಹಿಡಿದು ಹೀಗೆ ಕುಟ್ಟುವುದುಂಟೇ?

ಈ ಗೊರಟು ಜಾಮ್ ಮಾಡಿದ ಹಣ್ಣಿನದಲ್ಲ, ಸಾರಾಯಿ ಭಟ್ಟಿಯದು. ಶ್ಲಿವೊದೋಲ್‌ನಲ್ಲಿ ಭಟ್ಟಿ ಇರುವುದು ಒಂದೇ ಮನೆಯಲ್ಲಿ, ಶೆಡ್ಡಿನ ಬೀಗದ ಎರಡನೇ ಕೈ ನೇತಾಡುವುದೂ ಅದೇ ಮನೆಯ ಗೋಡೆಯಲ್ಲಿ.

ಗ್ರೋಜ್ದಾನಾಳ ಪುಣ್ಯಕ್ಕೆ ಇವತ್ತು ಆ ಮನೆಯಲ್ಲಿ ಮನೆದೇವರ ಹಬ್ಬ, ಸಂತ ಪೇತ್ಕಾಳ ದಿನ. ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಯಾರೂ ಹೊರಗಟ್ಟುವುದಿಲ್ಲ. ಪೊಲೀಸರನ್ನೂ ಕೂಡ.

* * *

"ಹಬ್ಬ ಶುಭವಾಗಲಿ, ಯಜಮಾನರೇ."

ಬಾಗಿಲಲ್ಲಿ ನಿಂತ ತಿಹೋಮಿರ್ ಆರಡಿ ಆಳು. ಊರಿಗೆಲ್ಲ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಇಳಿಸಿಕೊಡುವವನು, ಕೈಯಲ್ಲಿ ಸೀಸೆ ಇಲ್ಲದೆ ಅವನನ್ನು ನೋಡಿದವರು ಕಡಿಮೆ. ಒಂದು ಕ್ಷಣ ಅವನ ಮುಖ ಪೆಚ್ಚಾಯಿತು. ಮರುಕ್ಷಣವೇ ಸರಿಮಾಡಿಕೊಂಡ.

"ಬನ್ನಿ ಇನ್‌ಸ್ಪೆಕ್ಟರಮ್ಮ, ಬನ್ನಿ. ಹಬ್ಬದ ದಿನ ಯಾಕೆ ಬಂದ್ರಿ ಅಂತ ಕೇಳೋ ಪದ್ಧತಿ ನಮ್ಮಲ್ಲಿಲ್ಲ."

"ಕೇಳಿದ್ರೂ ಬರ್ತಿದ್ದೆ. ನಿಮ್ಮನೆ ಎಲೆಕೋಸಿನ ಘಮ ಶೆಡ್ಡಿನವರೆಗೂ ಬಂತು."

ಅವನ ಹೆಂಡತಿ ಯಾಗೋದಾ, ಕೆಂಪು ಕೆನ್ನೆಯ ಗುಂಡನೆಯ ಹೆಂಗಸು, ಸಕ್ಕರೆ ಮತ್ತು ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿಯ ಬಟ್ಟಲನ್ನು ಮುಂದೆ ಹಿಡಿದಳು. ಗ್ರೋಜ್ದಾನಾ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಬಾಯಿಗಿಟ್ಟಳು. ಅಲ್ಲಿಗೆ ಅವಳು ಅತಿಥಿಯಾದಳು.

ಒಳಗೆ ಉದ್ದನೆಯ ಮೇಜು, ಇಪ್ಪತ್ತು ಜನ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆಸ್ಪತ್ರೆ ಸೇರಿದ್ದ ಏಳರಲ್ಲಿ ನಾಲ್ವರು ಅಲ್ಲೇ ಕೂತು ಹಂದಿಮಾಂಸದ ತಟ್ಟೆ ಖಾಲಿ ಮಾಡುತ್ತಿದ್ದರು. ಅವರಲ್ಲಿ ಎಂಬತ್ತರ ಚೆದೋಮಿರ್ ಅಜ್ಜ ಇನ್‌ಸ್ಪೆಕ್ಟರಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

"ನನ್ನ ಹೇಳಿಕೆ ಇನ್ನೊಂದ್ಸಲ ಬರ್ಕೋ ತಾಯಿ," ಅಂದ. "ಅರವತ್ತು ವರ್ಷ ರಾಕಿಯಾ ಕುಡಿದಿದೀನಿ, ಒಂದಿನ ಹೊಟ್ಟೆ ಕೆಟ್ಟಿಲ್ಲ. ಹೆಂಡತಿ ಮಾತು ಕೇಳಿ ಒಂದೇ ಒಂದು ಲೋಟ ನೀರು ಕುಡಿದೆ, ಆಂಬುಲೆನ್ಸಲ್ಲಿ ಹೋದೆ."

"ಇನ್ನು ಮುಂದೆ ಅವರ ಮಾತು ಕೇಳ್ತೀರಾ, ಅಜ್ಜ?"

"ನೀರೊಂದು ಬಿಟ್ಟು ಬೇರೆ ಏನು ಹೇಳಿದ್ರೂ ಕೇಳ್ತೀನಿ."

ಗ್ರೋಜ್ದಾನಾ ನಕ್ಕಳು. ಎಲೆಕೋಸಿನಲ್ಲಿ ಸುತ್ತಿದ ಅಕ್ಕಿ ಮತ್ತು ಮಾಂಸದ ಉಂಡೆಗಳು ಬಂದವು. ಖಾಲಿ ತಟ್ಟೆ ಇಟ್ಟುಕೊಂಡು ಪ್ರಶ್ನೆ ಕೇಳಬಾರದು ಅನ್ನುವುದು ಅವಳದೇ ಒಂದು ನಿಯಮ. ಎರಡು ಉಂಡೆ ನಿಧಾನವಾಗಿ ಮುಗಿಸಿದಳು. ಕಿಟಕಿಯಾಚೆ ಪ್ಲಮ್ ತೋಟದ ಎಲೆಗಳು ಹಳದಿಯಾಗಿದ್ದವು, ಬಿಸಿಲು ಹಿತವಾಗಿತ್ತು. ಈ ಊರು ಅವಳಿಗೆ ಇಷ್ಟವಾಗಿಬಿಟ್ಟಿತ್ತು. ಇಲ್ಲಿ ಯಾರನ್ನೂ ಹಿಡಿದುಕೊಂಡು ಹೋಗಲು ಮನಸ್ಸಿರಲಿಲ್ಲ.

ಮನೆದೇವರ ದಿನ ಯಜಮಾನ ಕೂರುವ ಹಾಗಿಲ್ಲ. ಅತಿಥಿಗಳು ಉಣ್ಣುತ್ತಿರುವಷ್ಟು ಹೊತ್ತೂ ನಿಂತೇ ಬಡಿಸಬೇಕು. ತಿಹೋಮಿರ್ ಸೀಸೆ ಹಿಡಿದು ಒಂದು ಸುತ್ತು ಹಾಕಿ ಅವಳ ಪಕ್ಕ ಬಂದು ಬಗ್ಗಿದ. ಅವನು ಸುರಿಯಲು ಶುರು ಮಾಡಿದಾಗ ಅವಳು ಜೇಬಿನಿಂದ ಒಂದು ಗೊರಟು ತೆಗೆದು ಬಿಳಿ ಮೇಜುಬಟ್ಟೆಯ ಮೇಲಿಟ್ಟಳು.

"ಯಜಮಾನರೇ, ಭಟ್ಟಿಯ ಗಸಿ ಎಲ್ಲಿ ಸುರೀತೀರಿ?"

"ತೋಟದ ಮೂಲೇಲಿ. ಯಾಕೆ?"

"ಅದರಲ್ಲಿರೋ ಗೊರಟು?"

"ಅದೂ ಅದ್ರ ಜೊತೆಗೇ. ಆರಿಸ್ತಾ ಕೂರೋಕೆ ಯಾರಿಗಿದೆ ಪುರುಸೊತ್ತು?"

"ಯಾರಿಗೋ ಇತ್ತು. ಒಂದು ಪೀಪಾಯಿ ತುಂಬೋವಷ್ಟು."

ಪುಟ್ಟ ಲೋಟ ತುಂಬಿ ರಾಕಿಯಾ ಮೇಜಿನ ಮೇಲೆ ಹರಿಯಿತು. ತಿಹೋಮಿರ್ ಒಂದು ಹನಿ ಚೆಲ್ಲಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದವರು ತಿರುಗಿ ನೋಡಿದರು.

"ನಿಮ್ಮ ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿದೆ," ಗ್ರೋಜ್ದಾನಾ ಮೆಲ್ಲಗೆ ಅಂದಳು. "ಸುತ್ತಿಗೆ ಏಟಾ?"

ತಿಹೋಮಿರ್ ಸೀಸೆಯನ್ನು ಕೆಳಗಿಟ್ಟ. ಒಂದು ಸ್ಟೂಲು ಎಳೆದುಕೊಂಡ. ಕೂತುಬಿಟ್ಟ.

ಇಪ್ಪತ್ತು ಜನರೂ ಅವನತ್ತ ತಿರುಗಿದರು. ಮನೆದೇವರ ದಿನ ಯಜಮಾನ ಕೂತದ್ದನ್ನು ಅವರು ನೋಡಿದ್ದು ಅದೇ ಮೊದಲು.

"ನಾನೇ ತುಂಬಿದ್ದು," ಅಂದ. "ಒಳ್ಳೇದಾಗ್ಲಿ ಅಂತ ತುಂಬಿದೆ, ದೇವರಾಣೆ. ಶುಕ್ರವಾರ ಜಿಲ್ಲೆಯವರು ತಪಾಸಣೆಗೆ ಬರೋರಿದ್ರು. ಗುರುವಾರ ನೋಡ್ತೀನಿ, ಮೊದಲನೇ ಪೀಪಾಯೀಲಿ ಗೊರಟು ಕಮ್ಮಿಯಿದೆ. ಟೀಚರಮ್ಮನ ಮರ್ಯಾದೆ ಹೋಗುತ್ತಲ್ಲ ಅಂತ ಗಸಿಯಿಂದ ಗೊರಟು ಬಾಚಿ, ಕುಟ್ಟಿ, ಸುರಿದೆ."

"ತೊಳೆದಿರಾ?"

ಅವನಿಗೆ ನಿಜಕ್ಕೂ ಪ್ರಶ್ನೆ ಅರ್ಥವಾಗಲಿಲ್ಲ. "ತೊಳೆಯೋದಾ? ನಾಲ್ಕು ಗಂಟೆ ಹಂಡೇಲಿ ಕುದ್ದಿದ್ದು ಕಣ್ರೀ, ಅದೂ ರಾಕಿಯಾದಲ್ಲಿ. ಗಾಯ ಆದ್ರೆ ಅದನ್ನೇ ಹಾಕ್ತೀವಿ. ಮಗೂಗೆ ಜ್ವರ ಬಂದ್ರೆ ಅದನ್ನೇ ಮೈಗೆ ತಿಕ್ತೀವಿ. ಅದ್ರಲ್ಲಿ ಕುದ್ದಿದ್ದನ್ನ ನೀರಲ್ಲಿ ತೊಳೆದ್ರೆ ಹೊಲಸಾಗಲ್ವಾ?"

ಮೇಜಿನ ಉದ್ದಕ್ಕೂ ತಲೆಗಳು ಹೌದು ಹೌದು ಅಂತ ಆಡಿದವು. ಅವನ ಜಾಗದಲ್ಲಿದ್ದಿದ್ದರೆ ಅಲ್ಲಿದ್ದ ಒಬ್ಬೊಬ್ಬರೂ ಅದನ್ನೇ ಮಾಡುತ್ತಿದ್ದರು ಅನ್ನುವುದರಲ್ಲಿ ಗ್ರೋಜ್ದಾನಾಳಿಗೆ ಅನುಮಾನ ಉಳಿಯಲಿಲ್ಲ.

"ಯಾಗೋದಾ ಅಕ್ಕ," ಅಂದಳು, "ತಾಮ್ರದ ಹಂಡೆ ಕಪ್ಪಾದ್ರೆ ಏನು ಹಾಕಿ ಬೆಳಗ್ತೀರಿ?"

"ಗಸೀನೇ. ಹುಳಿ ಇರತ್ತಲ್ಲ, ಫಳಫಳ ಅನ್ನತ್ತೆ," ಅಂದ ಯಾಗೋದಾ ಅರ್ಧಕ್ಕೇ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಷ್ಟೇ ಆಗಿದ್ದು. ಆ ಗೊರಟೆಲ್ಲ ಹುಳಿ ಕುಡಿದು ಕೂತಿತ್ತು. ಚಿಲುಮೆ ನೀರು ಅದರ ಮೇಲೆ ಹಾದು ಹುಳಿಯಾಯ್ತು. ಕೆಳಗಿನ ಐದು ಪೀಪಾಯಿ ಬೇಸಿಗೆಯೆಲ್ಲ ಕಷ್ಟಪಟ್ಟು ಹಿಡಿದಿಟ್ಟಿದ್ದ ತಾಮ್ರವನ್ನ ಆ ಹುಳಿನೀರು ಒಂದೇ ದಿನಕ್ಕೆ ಬೆಳಗಿ ತೆಗೆದು ನಲ್ಲಿಗೆ ತಂತು. ಏಳು ಜನ ಕುಡಿದ್ರು."

ಚೆದೋಮಿರ್ ಅಜ್ಜ ಕೈಯಲ್ಲಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ.

"ಅಂದ್ರೆ ನನ್ನ ಮಲಗಿಸಿದ್ದು ನೀರಲ್ಲ, ರಾಕಿಯಾ?"

"ಒಂದು ರೀತೀಲಿ ಹೌದು, ಅಜ್ಜ."

"ಥೂ, ಅರವತ್ತು ವರ್ಷ ಇಟ್ಕೊಂಡಿದ್ದ ಹೆಸರು ಕೆಡಿಸಿಬಿಟ್ಟೆಯಲ್ಲೋ ತಿಹೋಮಿರ್," ಅಂದ ಅಜ್ಜ, ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ.

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಮೇಜಿಗೆ ಮೇಜೇ ನಕ್ಕಿತು. ಆಸ್ಪತ್ರೆ ಕಂಡು ಬಂದ ಇನ್ನು ಮೂವರೂ ಕಣ್ಣೊರೆಸಿಕೊಂಡು ನಕ್ಕರು. ತಿಹೋಮಿರ್ ತಾನೂ ನಗಬೇಕೋ ಅಳಬೇಕೋ ತಿಳಿಯದೆ ಸ್ಟೂಲಿನಿಂದ ಎದ್ದು, ಮತ್ತೆ ಸೀಸೆ ಹಿಡಿದು ಬಡಿಸಲು ಹೊರಟ.

ಗ್ರೋಜ್ದಾನಾ ಜಗಲಿಗೆ ಬಂದು ಸರ್ಕಾರಿ ವಕೀಲರಿಗೆ ಫೋನು ಮಾಡಿದಳು.

"ನೆವೆನಾ ಅಲ್ಲ, ಸರ್. ಬೇರೆಯವರು ತಿಳಿಯದೆ ಮಾಡಿದ ತಪ್ಪು. ಒಪ್ಪಿಕೊಂಡಿದಾರೆ. ಇಪ್ಪತ್ತು ಜನ ಸಾಕ್ಷಿ ಇದಾರೆ."

"ಆ ಟೀಚರ್ ಏನನ್ನೂ ಮುಚ್ಚಿಟ್ಟಿಲ್ಲ ಅಂತ ಖಾತ್ರಿನಾ?"

"ಖಾತ್ರಿ. ನನ್ನ ಹೆಸರಿನ ಮೇಲೆ ಹೇಳ್ತಿದೀನಿ."

"ಹಾಗಾದ್ರೆ ಬೆಳಿಗ್ಗೆ ಬರೆದು ಕೊಡಿ, ಕೇಸು ಕೈಬಿಡೋಣ. ನಾಳೆ ಬೇರೇನಾದ್ರೂ ಹೊರಗೆ ಬಂದ್ರೆ ಮಾತ್ರ ನಾನು ನಿಮ್ಮನ್ನೇ ಕೇಳೋದು."

"ಕೇಳಿ ಸರ್," ಅಂದಳು ಗ್ರೋಜ್ದಾನಾ. ಫೋನನ್ನು ಜೇಬಿಗೆ ಹಾಕಿಕೊಂಡು ಮೈಮುರಿದಳು. ಮನಸ್ಸು ಹಗುರವಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ನಿಂತು, ಒಳಗಿನಿಂದ ಬರುತ್ತಿದ್ದ ಹಾಡು ಕೇಳುತ್ತಾ, ಇನ್ನೂ ಎರಡು ಎಲೆಕೋಸಿನ ಉಂಡೆಗೆ ಹೊಟ್ಟೆಯಲ್ಲಿ ಜಾಗವಿದೆಯೇ ಅಂತ ಯೋಚಿಸಿದಳು.

ಇತ್ತು. ಆದರೆ ಜಾಗ ಅನ್ನುವ ಮಾತು ತಲೆಗೆ ಬಂದದ್ದೇ ತಡ, ಮೊದಲ ಪೀಪಾಯಿ ನೆನಪಾಗಿ ಅವಳ ಮೈ ನೆಟ್ಟಗಾಯಿತು.

* * *

ತಿಹೋಮಿರ್ ಅಡುಗೆಮನೆಯಲ್ಲಿ ಹೊಸ ಸೀಸೆಯ ಮುಚ್ಚಳ ತೆಗೆಯುತ್ತಿದ್ದ. ಯಾಗೋದಾ ಒಲೆಯ ಮುಂದಿದ್ದಳು. ಗ್ರೋಜ್ದಾನಾ ಬಾಗಿಲು ಮುಂದೆ ಮಾಡಿ, ಹಾಡಿನ ಸದ್ದು ತಗ್ಗಿದ ಮೇಲೆ ಕೇಳಿದಳು.

"ಗೊರಟು ಕಮ್ಮಿಯಿತ್ತು ಅಂದ್ರಿ. ಎಷ್ಟು ಕಮ್ಮಿ?"

"ಸ್ವಲ್ಪ."

"ನಾನು ಮೊಳಕೈವರೆಗೆ ತೋಳು ಹಾಕಿ ನೋಡಿದೀನಿ. ಮೇಲಿಂದ ಕೆಳಗಿನವರೆಗೂ ನಿಮ್ಮದೇ ಗೊರಟು. ಟೀಚರ್ ಮಾಡಿದ ಪುಡಿ ಒಂದು ಹಿಡಿಯೂ ಇಲ್ಲ."

ತಿಹೋಮಿರ್ ಸೀಸೆಯನ್ನೇ ನೋಡಿದ. "ಖಾಲಿ ಇತ್ತು. ತಳ ಕಾಣ್ತಿತ್ತು."

"ಯಾರು ಖಾಲಿ ಮಾಡಿದ್ದು?"

"ನನಗೇನು ಗೊತ್ತು?"

"ಯಜಮಾನರೇ, ನಿಮಗೆ ಚೆಲ್ಲೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ."

ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆದುಕೊಂಡಿತು. ಮುಚ್ಚಿದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ತೆಳ್ಳನೆಯ ನೆವೆನಾ ಒಳಗೆ ಕಾಲಿಟ್ಟಳು. ಹನ್ನೊಂದು ದಿನದಿಂದ ಯಾರ ಮನೆಗೂ ಹೋಗದವಳು ಇವತ್ತು ತಲೆ ಬಾಚಿ, ಒಳ್ಳೆಯ ಕೋಟು ಹಾಕಿ ಬಂದಿದ್ದಳು.

"ಬಾ ಕೂಮಾ, ಬಾ," ಯಾಗೋದಾ ಓಡಿಹೋಗಿ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. "ನೀನಿಲ್ಲದೆ ಹಬ್ಬ ಎಂಥಾದ್ದು."

ಕೂಮಾ. ಗ್ರೋಜ್ದಾನಾಳಿಗೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕು ಅನ್ನಿಸಿತು. ಅಂದರೆ ಈ ಮನೆಯ ಮಗುವೊಂದಕ್ಕೆ ಜ್ಞಾನಸ್ನಾನದಲ್ಲಿ ಹೆಸರಿಟ್ಟವಳು ನೆವೆನಾ. ಆ ನಂಟು ರಕ್ತಸಂಬಂಧಕ್ಕಿಂತ ಹೆಚ್ಚು. ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ, ಕೂಮಾಳ ವಿರುದ್ಧ ಯಾರೂ ಸಾಕ್ಷಿ ಹೇಳುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ, ಹಾಗಾಗಿಯೇ ಅವಳಿಗೆ ಯಾರೂ ಹೇಳಿರಲಿಲ್ಲ.

"ನೀವು ಖಾಲಿ ಮಾಡೋದನ್ನ ಇವರು ನೋಡಿದಾರೆ," ಅವಳು ನೆವೆನಾಳಿಗೆ ಹೇಳಿದಳು. "ಅದಕ್ಕೇ ಹನ್ನೊಂದು ದಿನ ಬಾಯಿ ಬಿಟ್ಟಿಲ್ಲ. ಈಗಲೂ ಗೊರಟು ಕಮ್ಮಿಯಿತ್ತು ಅಂತ ಮುಚ್ಚಿಹಾಕೋಕೆ ನೋಡಿದ್ರು."

"ಇನ್‌ಸ್ಪೆಕ್ಟರಮ್ಮ, ನಾನು ಏನೂ ಹೇಳಿಲ್ಲ," ತಿಹೋಮಿರ್ ಗಾಬರಿಬಿದ್ದ. "ಕೂಮಾ, ನಾನು ಹೇಳಿಲ್ಲಮ್ಮ. ಮೂಟೆ ಕಾರಿಗೆ ಹಾಕ್ತಿದ್ದೆಯಲ್ಲ, ಅದನ್ನ ಯಾರಿಗೂ ಹೇಳಿಲ್ಲ."

ನೆವೆನಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಗೊತ್ತು ಮಾವ," ಅಂದಳು. "ಈಗ ಹೇಳಿದೆಯಲ್ಲ, ಅಷ್ಟೇ."

"ಯಾಕೆ ಖಾಲಿ ಮಾಡಿದ್ರಿ?" ಗ್ರೋಜ್ದಾನಾಳ ದನಿಯಲ್ಲಿ ಸಿಟ್ಟಿತ್ತು. ಈಗಷ್ಟೇ ಈ ಹುಡುಗಿಗಾಗಿ ತನ್ನ ಹೆಸರನ್ನು ಒತ್ತೆಯಿಟ್ಟಿದ್ದಳು. "ನಿಮ್ಮನ್ನ ಬಿಡಿಸಿ ಆಯ್ತು. ಕೇಸು ಇಲ್ಲ ಅಂತ ಹೇಳಿ ಆಯ್ತು. ಈಗ ನಿಜ ಹೇಳದೇ ಇದ್ರೆ ನಾಳೆ ಬೆಳಿಗ್ಗೆ ನಾನೇ ಕೇಸು ಬರೀಬೇಕಾಗುತ್ತೆ."

ನೆವೆನಾ ಕೋಟಿನ ಗುಂಡಿಯನ್ನು ತಿರುವುತ್ತಾ ನಿಂತಳು. ಹೇಳಬೇಕೋ ಬೇಡವೋ ಅನ್ನುವ ಜಗ್ಗಾಟ ಅವಳ ಮುಖದಲ್ಲಿ ಕಾಣುತ್ತಿತ್ತು.

"ಎಷ್ಟು ತಾಮ್ರ ಹಿಡಿದಿದೆ ನೋಡೋಣ ಅಂತ ಒಂದೊಂದು ಪೀಪಾಯಿಯಿಂದ ಒಂದೊಂದು ಹಿಡಿ ಗೊರಟು ಸುಟ್ಟು ಬೂದಿ ಮಾಡಿ ಪರೀಕ್ಷೆ ಮಾಡಿದೆ," ಅಂದಳು. "ಐದರಲ್ಲಿ ತಾಮ್ರ ಮಾತ್ರ ಇತ್ತು. ಮೊದಲನೇದರಲ್ಲಿ ಸೀಸವೂ ಇತ್ತು."

"ಗಣಿಯಿಂದಾನಾ?"

"ಗಣೀಲಿ ಸೀಸ ಇಲ್ಲ. ನಂಬೋಕಾಗದೆ ಎರಡು ಕಿಲೋ ನೀಶ್ ನಗರದ ಪ್ರಯೋಗಾಲಯಕ್ಕೂ ಕಳಿಸಿದೆ. ಉಳಿದಿದ್ದು ನಮ್ಮನೆ ನೆಲಮಾಳಿಗೇಲಿದೆ. ಶನಿವಾರ ಹೊಸ ಪುಡಿ ತುಂಬೋಣ ಅಂತಿದ್ದೆ, ಅಷ್ಟರಲ್ಲಿ ಮಾವ ತುಂಬಿಬಿಟ್ಟಿದ್ದ. ಪೀಪಾಯಿ ತುಂಬಿದ್ದು ನಾನಲ್ಲ ಅಂದಿದ್ರೆ ಖಾಲಿ ಮಾಡಿದ್ದು ಯಾಕೆ ಅಂತ ನೀವು ಕೇಳ್ತಿದ್ರಿ. ಅದಕ್ಕೇ ತಪ್ಪು ನಂದು ಅಂದೆ."

"ಸೀಸ ನೀರಿಗೆ ಬಿದ್ದಿಲ್ಲ ತಾನೆ?"

"ಇಲ್ಲ. ಗೊರಟು ಎಲ್ಲಾನೂ ಹಿಡಿದುಕೊಂಡಿತ್ತು. ನನ್ನ ಗೊರಟು ಒಳ್ಳೇ ಗೊರಟು." ಅದನ್ನು ಹೇಳುವಾಗ ಮಾತ್ರ ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆ ಸುಳಿಯಿತು.

"ಹಾಗಾದ್ರೆ ಇದರಲ್ಲಿ ಮುಚ್ಚಿಡೋಕೆ ಏನಿದೆ?"

ನೆವೆನಾ ಯಾರ ಮುಖವನ್ನೂ ನೋಡಲಿಲ್ಲ. "ಮೇಲೆ ಚಿಲುಮೆಯ ಬಾಯಲ್ಲಿ ನೀರು ಹಿಡಿದು ನೋಡಿದೆ. ಅಲ್ಲಿ ಸೀಸ ಇಲ್ಲ. ಅಲ್ಲಿಂದ ಪೀಪಾಯಿವರೆಗೆ ಕಾಲುವೆ ಹಾದು ಬರೋದು ಒಂದೇ ಮನೆ ಹಿತ್ತಿಲಲ್ಲಿ."

ಆ ಮನೆಯ ಅಡುಗೆಕೋಣೆಯಲ್ಲೇ ನಾಲ್ವರೂ ನಿಂತಿದ್ದರು. ಪಕ್ಕದ ಕೋಣೆಯಲ್ಲಿ ಹಾಡು ಮುಗಿದು ಚಪ್ಪಾಳೆ ಕೇಳಿಸಿತು.

"ನನ್ನ ಹಿತ್ತಿಲಾ?" ತಿಹೋಮಿರ್ ಸೀಸೆ ಕೆಳಗಿಟ್ಟ. "ಕೂಮಾ, ನನ್ನ ಹತ್ರ ತಾಮ್ರ ಬಿಟ್ರೆ ಬೇರೆ ಏನಿದೆಯಮ್ಮ? ಸೀಸ ಹೇಗಿರತ್ತೆ ಅಂತಾನೂ ನಾನು ಕಂಡಿಲ್ಲ."

ಗ್ರೋಜ್ದಾನಾ ಅವನನ್ನು ದಿಟ್ಟಿಸಿದಳು. ಸುಳ್ಳು ಹೇಳಲು ಬಾರದ ಆ ಮುಖದಲ್ಲಿ ಈಗ ಸುಳ್ಳಿರಲಿಲ್ಲ.

ಯಾಗೋದಾ ಒಲೆಯ ಉರಿ ತಗ್ಗಿಸಿದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಒಂದು ತಟ್ಟೆ ತೆಗೆದು ಎರಡು ಎಲೆಕೋಸಿನ ಉಂಡೆ ಹಾಕಿ ಇನ್‌ಸ್ಪೆಕ್ಟರಿನ ಮುಂದಿಟ್ಟಳು. ಅವಳ ಕೆನ್ನೆಯ ಕೆಂಪು ಪೂರ್ತಿ ಇಳಿದುಹೋಗಿತ್ತು.

"ಹಬ್ಬದ ಊಟ ಅರ್ಧಕ್ಕೆ ಬಿಡಬಾರದು, ಇನ್‌ಸ್ಪೆಕ್ಟರಮ್ಮ. ಕೂತು ಮುಗಿಸಿ," ಅಂದಳು. "ಆಮೇಲೆ ಕಾಲುವೆ ಪಕ್ಕದ ಹಿಂದಿನ ಕೊಟ್ಟಿಗೆ ಬೀಗ ತೆಗೀತೀನಿ, ಸೀಸ ಬಂದಿದ್ದು ಅಲ್ಲಿಂದಾನೇ. ಅಲ್ಲಿ ಏನಿದೆ ಅಂತ ನಮ್ಮನೆಯವರಿಗೂ ಗೊತ್ತಿಲ್ಲ."